‘ಈ ಸಲ ಬ್ಯಾಡ್ರಿ’ ಅಂದವರ ಹತ್ತಿರ ಕಲಿತದ್ದು

ನಾನು ಬಸ್ ಡ್ರೈವರ್ ಆಗಿದ್ದೆ. ಬೆಳಿಗ್ಗೆ ಇಳಕಲ್‌ನಿಂದ ಹೊರಟು ಹುನಗುಂದ, ಅಮೀನಗಡ, ಕಮತಗಿ ದಾಟಿ ಬಾಗಲಕೋಟೆಗೆ ಹೋಗುವುದು, ಅಲ್ಲಿಂದ ಬಾದಾಮಿಯ ಮೇಲೆ ಬನಶಂಕರಿಯ ತನಕ ಒಂದು ಟ್ರಿಪ್ ಹೊಡೆಯುವುದು, ಸಂಜೆಗೆ ಅದೇ ದಾರಿಯಲ್ಲಿ ಮರಳುವುದು. ಈಗ ನಾನು ಇಳಕಲ್‌ನಲ್ಲಿ ಯೋಗ ಹೇಳಿಕೊಡುತ್ತೇನೆ. ಹಳೆಯ ಪ್ರಯಾಣಿಕರು ಸಂತೆಯಲ್ಲಿ ಸಿಕ್ಕರೆ, "ಏನ್ರಿ ಡ್ರೈವರ್ ಸಾಹೇಬ್ರ, ಸ್ಟೇರಿಂಗ್ ಬಿಟ್ಟು ಪದ್ಮಾಸನ ಹಾಕೀರಂತ?" ಎಂದು ನಗುತ್ತಾರೆ. ನಾನೂ ನಗುತ್ತೇನೆ. ಪದ್ಮಾಸನ ನನಗೆ ಇಂದಿಗೂ ಬರುವುದಿಲ್ಲ. ವರ್ಷಗಟ್ಟಲೆ ಕ್ಲಚ್ ತುಳಿದ ಎಡಮೊಣಕಾಲು ಅಷ್ಟು ಮಡಚುವುದಿಲ್ಲ.

ಆ ಕಾಲವನ್ನು ನೆನೆದರೆ ಮೊದಲು ಕಣ್ಣ ಮುಂದೆ ಬರುವುದು ಬೆಳಗಿನ ಡಿಪೋ. ಎಂಜಿನ್ ಕಾಯುವ ತನಕ ಬಾನೆಟ್ಟಿನ ಮೇಲೆ ಅಂಗೈ ಊರಿ ನಿಲ್ಲುತ್ತಿದ್ದೆ. ಚಳಿಗಾಲದಲ್ಲಿ ಅದೇ ನನ್ನ ಒಲೆ. ಸ್ಟ್ಯಾಂಡಿಗೆ ಬಂದರೆ ಸೀರೆಯ ಗಂಟು ಹೊತ್ತ ವ್ಯಾಪಾರಿಗಳು, ಹುನಗುಂದದ ಕೋರ್ಟಿಗೆ ಹೊರಟವರು, ಕೈಯಲ್ಲಿ ಹಾಲ್‌ಟಿಕೆಟ್ ಹಿಡಿದ ಹುಡುಗಿಯರು. ಅಮೀನಗಡ ಬಂತೆಂದರೆ ಯಾರಾದರೂ ಒಬ್ಬರು ಕರದಂಟಿನ ಡಬ್ಬಿ ಬಿಚ್ಚಿ ಒಂದು ತುಣುಕನ್ನು ನನ್ನ ಕೈಗೂ ದಾಟಿಸುತ್ತಿದ್ದರು. ಒಂದು ಕೈ ಸ್ಟೇರಿಂಗಿನ ಮೇಲೆ, ಬಾಯಲ್ಲಿ ಬೆಲ್ಲ, ಎರಡೂ ಬದಿಗೆ ಕಪ್ಪು ಹೊಲ. ಇದಕ್ಕಿಂತ ದೊಡ್ಡ ಸುಖ ಬೇಕೆಂದು ನನಗೆ ಅನಿಸಿರಲಿಲ್ಲ.

ನನ್ನ ಗಾಡಿಯ ಕಂಡಕ್ಟರ್ ಹುನಗುಂದದವನು. ಅವನ ಮನೆಯವರು ತಲೆಮಾರುಗಳಿಂದ ಅಲ್ಲಿ ತಗಡಿನ ಪೆಟ್ಟಿಗೆ ಮಾಡುವವರು. ಅವನು ನನ್ನನ್ನು "ಡ್ರೈವರಾ" ಎನ್ನುತ್ತಿದ್ದ, ನಾನು ಅವನನ್ನು "ಕಂಡಕ್ಟರಾ". ನಮ್ಮ ನಿಜವಾದ ಹೆಸರುಗಳು ಡ್ಯೂಟಿ ಚಾರ್ಟಿನಲ್ಲಿ ಮಾತ್ರ ಇದ್ದವು. ಬನಶಂಕರಿಯಲ್ಲಿ ಗಾಡಿ ನಿಂತಾಗ, ಗುಡಿಯ ಮುಂದೆ ಬುಟ್ಟಿಯಲ್ಲಿ ರೊಟ್ಟಿ, ಮೊಸರು, ಶೇಂಗಾಹಿಂಡಿ ಇಟ್ಟುಕೊಂಡು ಕೂರುವ ಹೆಂಗಸರ ಹತ್ತಿರ ಇಬ್ಬರೂ ಊಟ ಮಾಡುತ್ತಿದ್ದೆವು. ಅವನು ರೋಜಾ ಉಪವಾಸವಿರುವ ತಿಂಗಳಲ್ಲಿ ನಾನೊಬ್ಬನೇ ಉಣ್ಣಲಾರದೆ ಗಾಡಿಯಲ್ಲೇ ಕೂತರೆ ಬೈಯುತ್ತಿದ್ದ. "ಹಸದು ಗಾಡಿ ಹೊಡದು ನನ್ನ ಕೊಲ್ಲಬ್ಯಾಡ, ಹೋಗಿ ಉಣ್ಣು ನಡಿಲೇ."

ಒಂದು ಶ್ರಾವಣದ ಬೆಳಿಗ್ಗೆ ಇಳಕಲ್ ಬಿಟ್ಟಿದ್ದೆವು, ಹುನಗುಂದ ಇನ್ನೂ ಬಂದಿರಲಿಲ್ಲ. ನಮ್ಮ ಮುಂದೆ ಕಲ್ಲಿನ ಲಾರಿ ಹೋಗುತ್ತಿತ್ತು. ನಮ್ಮ ಕಡೆ ಅದೇನು ಹೊಸದಲ್ಲ. ಇಳಕಲ್ಲಿನ ಕೆಂಪು ಕಲ್ಲು ಎಲ್ಲ ದಿಕ್ಕಿಗೂ ಹೋಗುತ್ತದೆ. ಏರಿನಲ್ಲಿ ಲಾರಿಯ ಸರಪಳಿ ಕಡಿದ ಸದ್ದು ಕೇಳಿತು. ಕೋಣೆಯಷ್ಟು ದೊಡ್ಡ ಕಲ್ಲಿನ ದಿಮ್ಮಿ ಜಾರಿ ರಸ್ತೆಯ ಮೇಲೆ ಬಿತ್ತು. ನಾನು ಸ್ಟೇರಿಂಗ್ ಎಡಕ್ಕೆ ಕಿತ್ತೆ. ಬಸ್ಸು ರಸ್ತೆ ಇಳಿದು ತೊಗರಿ ಹೊಲಕ್ಕೆ ನುಗ್ಗಿ, ಹಸಿ ಎರೆಮಣ್ಣಿನಲ್ಲಿ ಚಕ್ರ ಹೂತು, ದನ ಮಲಗಿದ ಹಾಗೆ ಪಕ್ಕಕ್ಕೆ ಮಲಗಿತು. ಯಾರೂ ಸಾಯಲಿಲ್ಲ. ಆದರೆ ಬಾಗಿಲ ಹತ್ತಿರ ನಿಂತಿದ್ದ ಕಂಡಕ್ಟರನ ಬಲಗಾಲು ಸೀಟಿನ ಕಂಬಿಗೆ ಸಿಕ್ಕು ಮುರಿಯಿತು. ಅಂದಿನಿಂದ ಅವನು ಕುಂಟುತ್ತಾನೆ.

ವಿಚಾರಣೆ ನಡೆಯಿತು, ನನ್ನ ತಪ್ಪಿಲ್ಲವೆಂದು ಬರೆದರು, ಯಾರೂ ಸಾಯದ ಹಾಗೆ ಗಾಡಿ ತಿರುಗಿಸಿದ್ದಕ್ಕೆ ಶಾಲು ಹೊದಿಸಿದರು. ಎಲ್ಲ ಸರಿ, ಕೈಗಳು ಮಾತ್ರ ಕೇಳಲಿಲ್ಲ. ಮತ್ತೆ ಸೀಟಿಗೆ ಹತ್ತಿ ಕೀಲಿ ತಿರುವಿದರೆ ಬೆರಳುಗಳು ಮರಗಟ್ಟಿ ನಿಂತುಬಿಡುತ್ತಿದ್ದವು. ಬಸ್ಸಿನಲ್ಲಿ ಪ್ರಯಾಣಿಕನಾಗಿ ಕೂರುವುದೂ ಆಗಲಿಲ್ಲ. ಯಾರಾದರೂ ಬೆನ್ನ ಹಿಂದೆ ನಿಂತರೆ ಮೈ ಬಿಗಿಯುತ್ತಿತ್ತು. ಎಲ್ಲಕ್ಕಿಂತ ನೋವು ಕೊಟ್ಟದ್ದು ಮಗ್ಗದ ಸದ್ದು. ನಾನು ಹುಟ್ಟಿದ್ದು ನೇಕಾರರ ಓಣಿಯಲ್ಲಿ. ಅವ್ವ ನನ್ನನ್ನು ಮಗ್ಗದ ಪಕ್ಕದ ತೊಟ್ಟಿಲಲ್ಲಿ ಮಲಗಿಸಿ ನೇಯುತ್ತಿದ್ದಳಂತೆ. ಆ ಸದ್ದು ನನಗೆ ಜೋಗುಳವಾಗಿತ್ತು. ಈಗ ಪಕ್ಕದ ಮನೆಯಲ್ಲಿ ಮಗ್ಗ ಒಮ್ಮೆ ಬಡಿದರೆ ಸಾಕು, ದಿಮ್ಮಿ ಬಿದ್ದ ಸದ್ದು ಕೇಳಿದಂತಾಗಿ ಕೈಯಲ್ಲಿದ್ದ ಚಹಾ ಚೆಲ್ಲುತ್ತಿತ್ತು. ನನ್ನ ಓಣಿಯಲ್ಲೇ ನಾನು ಹೊರಗಿನವನ ಹಾಗೆ ಅಂಜಿ ಕೂರುತ್ತಿದ್ದೆ.

ನನ್ನ ಹೆಂಡತಿ ಅಂಗನವಾಡಿಯಲ್ಲಿ ಕೆಲಸ ಮಾಡುತ್ತಾಳೆ. ಮಾತು ಕಡಿಮೆ, ಕೆಲಸ ಬೇಗ. ಅವಳೇ ನನ್ನನ್ನು ಬಾಗಲಕೋಟೆಯ ದವಾಖಾನೆಗೆ ಕರೆದುಕೊಂಡು ಹೋದಳು. ಮನೋವೈದ್ಯರು ಗುಳಿಗೆ ಕೊಟ್ಟರು, ಮಾತಾಡಿಸಿದರು. ನಿದ್ದೆ ಬರತೊಡಗಿತು. "ಮೈಗೆ ಒಂದು ಕೆಲಸಾ ಹಚ್ರಿ. ಅಡ್ಡಾಡ್ರಿ, ಯೋಗ ಮಾಡ್ರಿ," ಎಂದೂ ಹೇಳಿದರು. ಕೆಲಸದಿಂದ ಸ್ವಯಂ ನಿವೃತ್ತಿ ಪಡೆದೆ. ಇಳಕಲ್‌ನಲ್ಲಿ ಹಳೆಯ ಶಾಲೆಯ ಅಂಗಳದಲ್ಲಿ ರಿಟೈರಾದ ಪಿ.ಟಿ. ಮಾಸ್ತರೊಬ್ಬರು ಬೆಳಿಗ್ಗೆ ಯೋಗ ಹೇಳಿಕೊಡುತ್ತಿದ್ದರು. ಅಲ್ಲಿಗೆ ಹೋಗತೊಡಗಿದೆ.

ಆ ಬೆಳಗುಗಳು ಈಗಲೂ ನನ್ನ ಮೂಗಿನಲ್ಲಿವೆ: ನೀರು ಚಿಮುಕಿಸಿದ ಮಣ್ಣು, ಬೇವಿನ ಹೂವು, ಮಾಸ್ತರರ ಧೋತರಕ್ಕೆ ಹಾಕಿದ ನೀಲಿಯ ವಾಸನೆ. ಮೊದಲ ದಿನ ನಾನು ಎಲ್ಲರ ಹಿಂದೆ, ಗೋಡೆಗೆ ಬೆನ್ನು ಹಚ್ಚಿ, ಗೇಟು ಕಾಣುವ ಹಾಗೆ ಚಾಪೆ ಹಾಸಿದೆ. ಮಾಸ್ತರು ನೋಡಿದರು, ಏನೂ ಕೇಳಲಿಲ್ಲ. ಎಲ್ಲರಿಗೂ ಕಣ್ಣು ಮುಚ್ಚಲು ಹೇಳಿದಾಗ ನಾನು ಬೇವಿನ ಗಿಡ ನೋಡುತ್ತಾ ಮಲಗಿದೆ. ಅದಕ್ಕೂ ಏನೂ ಅನ್ನಲಿಲ್ಲ. ಕ್ಲಾಸು ಮುಗಿದ ಮೇಲೆ ಎಲ್ಲರೂ ಎದುರಿನ ಅಂಗಡಿಯಲ್ಲಿ ಮಂಡಕ್ಕಿ ಒಗ್ಗರಣಿ, ಮಿರ್ಚಿ ಭಜಿ ತಿಂದು ಚಹಾ ಕುಡಿಯುತ್ತಿದ್ದೆವು. ಯೋಗ ಮಾಡಿ ಮಿರ್ಚಿ ತಿನ್ನುವುದು ಸರಿಯೇ ಎಂದು ಯಾರಾದರೂ ಕೇಳಿದರೆ ಮಾಸ್ತರು, "ಉಸಿರಿಗೂ ಬಾಯಿರುಚಿ ಬೇಕಲ್ಲಪಾ," ಎಂದು ಎರಡನೆಯ ಮಿರ್ಚಿಗೆ ಕೈ ಹಾಕುತ್ತಿದ್ದರು. ಹೀಗೇ ಮೂರು ವರ್ಷ ಕಳೆದವು. ಒಂದು ಬೆಳಿಗ್ಗೆ ಮನೆಯಲ್ಲಿ ದಾಡಿ ಮಾಡಿಕೊಳ್ಳುತ್ತಿದ್ದಾಗ ಹೆಂಡತಿ ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದಳು. ಏನೆಂದು ಕೇಳಿದೆ. "ಬಾಜೂದಾಗ ಮಗ್ಗ ನಡದೈತಿ," ಎಂದಳು. ಹೌದು, ನಡೆದಿತ್ತು. ನಾನು ಗಮನಿಸಿರಲೇ ಇಲ್ಲ.

ಮಾಸ್ತರರ ಕಣ್ಣು ಮಂದವಾಗುತ್ತಾ ಬಂತು. ಕ್ಲಾಸನ್ನು ನಾನು ನೋಡಿಕೊಳ್ಳಲಿ ಎಂದು ಅವರ ಆಸೆ. ಅದೇ ದಿನಗಳಲ್ಲಿ ಒಬ್ಬ ಹರೆಯದ ಆಂಬುಲೆನ್ಸ್ ಡ್ರೈವರ್ ಕ್ಲಾಸಿಗೆ ಬಂದ. ಎರಡು ದಿನ ಚೆನ್ನಾಗಿ ಮಾಡಿದ. ಮೂರನೆಯ ದಿನ, ಕೊನೆಗೆ ಎಲ್ಲರೂ ಕಣ್ಣು ಮುಚ್ಚಿ ಮಲಗಿದಾಗ, ತಟ್ಟನೆ ಎದ್ದು ಕುಳಿತು ಏದುಸಿರು ಬಿಡತೊಡಗಿದ. ಪಕ್ಕದವನು ಸಮಾಧಾನಕ್ಕೆಂದು ಭುಜದ ಮೇಲೆ ಕೈ ಇಟ್ಟದ್ದೇ ತಡ, ಕೈ ಕೊಡವಿ ಎದ್ದು ಚಪ್ಪಲಿಯನ್ನೂ ಮೆಟ್ಟದೆ ಹೊರಗೆ ಓಡಿದ. ಮತ್ತೆ ಬರಲಿಲ್ಲ. ಅವನ ಚಪ್ಪಲಿ ಗೇಟಿನ ಹತ್ತಿರ ಬಹಳ ದಿನ ಬಿದ್ದಿದ್ದವು.

ಅಂದು ಮಾಸ್ತರು ಮಿರ್ಚಿ ತಿನ್ನಲಿಲ್ಲ. ನನ್ನನ್ನು ಬೇವಿನ ಕಟ್ಟೆಗೆ ಕರೆದು ಕೂರಿಸಿದರು.

"ಅಂವಗ ಏನಾತು ನಿನಗ ಗೊತ್ತೈತಿ?"

"ಗೊತ್ತೈತ್ರಿ. ನನಗೂ ಹಂಗ ಆಗ್ತಿತ್ತು."

"ನಿನಗ ಹೆಂಗ ಕಡಿಮಿ ಆತು?"

"ನೀವ ಮಾಡಿದ್ರೆಲ್ರಿ ಸರ್."

ಅವರು ತಲೆ ಅಲ್ಲಾಡಿಸಿದರು. "ನಾ ಏನೂ ಮಾಡಿಲ್ಲೋ. ನಿನ್ನ ಪಾಡಿಗೆ ನಿನ್ನ ಬಿಟ್ಟೆ, ಅದು ಹತ್ತಿತು. ಇಂವನ್ನೂ ಬಿಟ್ಟೆ, ಹತ್ತಲಿಲ್ಲ. ಸಾಲಿ ಹುಡುಗರಿಗೆ ಕವಾಯತು ಕಲಿಸಿದಾಂವ ನಾ. ಇಂಥಾ ಪೆಟ್ಟು ತಿಂದವರಿಗೆ ಹೆಂಗ ಹೇಳಬೇಕಂತ ಕಲಿಸಾವ್ರು ಅದಾರಂತ. ನೀ ಹೋಗಿ ಕಲಕೊಂಡು ಬಾ. ಆಮ್ಯಾಲ ಈ ಅಂಗಳ ನಿಂದು."

ಹುಡುಕುವ ಕೆಲಸವನ್ನು ಕಂಡಕ್ಟರ್ ವಹಿಸಿಕೊಂಡ. ಕಾಲು ಮುರಿದ ಮೇಲೆ ಅವನು ಹುನಗುಂದದಲ್ಲಿ ಮೊಬೈಲ್ ರಿಪೇರಿ ಅಂಗಡಿ ಹಾಕಿದ್ದ. ಸ್ಟೂಲಿನ ಮೇಲೆ ಕೂತು, ಕನ್ನಡಕವನ್ನು ಹಣೆಗೇರಿಸಿ ಫೋನಿನಲ್ಲಿ ಓದುತ್ತಿದ್ದ. "ಟ್ರಾಮಾ-ಇನ್ಫಾರ್ಮ್ಡ್ ಯೋಗ ಟೀಚರ್ ಟ್ರೇನಿಂಗ್ ಅಂತಾರಲೇ ಇದಕ್ಕ. ಅಂದ್ರ, ಆಘಾತ ಆದಾವ್ರ ಮೈ ಮನಸ್ಸು ಹೆಂಗಿರ್ತೈತಿ ಅಂತ ತಿಳಕೊಂಡು ಯೋಗ ಹೇಳಿಕೊಡೂದು. ಭಾಳ ಅದಾವು ನೋಡ. ಒಂದರಾಗ ಸಮುದ್ರ ಐತಿ, ಒಂದರಾಗ ಹಿಮಾಲಯ ಐತಿ. ನಿನಗ್ಯಾವ್ದು ಬೇಕು?"

"ಸಂಜಿಗೆ ಮನಿಗೆ ಬರೂವಂಥಾದ್ದು."

ಅವನು ನಕ್ಕು ಇನ್ನೂ ಕೆಳಗೆ ಬೆರಳು ಸರಿಸಿದ. ಬಾದಾಮಿಯಲ್ಲೇ ಒಂದು ಸಿಕ್ಕಿತು. ಗುಡ್ಡ ಕಾಣುವ ಹಾಗೆ ಕಟ್ಟಿದ ವಸತಿಗೃಹದಲ್ಲಿ ಚಳಿಗಾಲಕ್ಕೆ ಮಾತ್ರ ನಡೆಯುವ ತರಬೇತಿ. ಸೇರುವ ಮೊದಲು ಒಂದು ದಿನ ಬಂದು ಕೂತು ನೋಡಬಹುದು ಎಂದಿದ್ದರು. ನಾನು ಬಸ್ಸು ಹತ್ತುವುದಿಲ್ಲವೆಂದು ಗೊತ್ತಿದ್ದ ಕಂಡಕ್ಟರ್ ಕೇಳಲೂ ಇಲ್ಲ. ತನ್ನ ಅಳಿಯನ ಮೋಟರ್‌ಸೈಕಲ್ ತಂದ. ನಾನು ಓಡಿಸಿದೆ, ಅವನು ಹಿಂದೆ ಕೂತ. ಐಹೊಳೆಯ ಮೇಲಿಂದ ಹೋದೆವು. ಹಿಂದೆ ಯಾರೇ ಕೂತರೂ ಬಿಗಿಯುತ್ತಿದ್ದ ನನ್ನ ಬೆನ್ನು, ಅವನು ಕೂತರೆ ಬಿಗಿಯುತ್ತಿರಲಿಲ್ಲ.

ಆ ಜಾಗ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಹಾಲಿಗೆ ಗೋಡೆಗಳೇ ಇರಲಿಲ್ಲ, ಕಂಬಗಳ ನಡುವೆ ಗಾಳಿ ಹಾಯುತ್ತಿತ್ತು, ಎದುರಿಗೆ ಬಾದಾಮಿಯ ಕೆಂಪು ಬಂಡೆ. ಹೇಳಿಕೊಡುವವರು ದಕ್ಷಿಣದ ಕಡೆಯ ಯುವಕ. "ಬನ್ನಿ ಸರ್, ಕುಳಿತುಕೊಳ್ಳಿ," ಎಂದು ಎರಡೂ ಕೈ ಜೋಡಿಸಿದರು. ಅಷ್ಟು ಶುದ್ಧವಾದ ಮಾತಿಗೆ ನಾನು ಯಾವ ಭಾಷೆಯಲ್ಲಿ ಉತ್ತರ ಕೊಡಲೆಂದು ತಿಳಿಯದೆ ತಲೆ ಆಡಿಸಿದೆ. ಬೆಳಗಿನ ಉಸಿರಾಟ, ಆಸನಗಳು ಹಿತವಾಗಿದ್ದವು. ಆಮೇಲೆ ಎಲ್ಲರನ್ನೂ ವೃತ್ತವಾಗಿ ಕೂರಿಸಿದರು. ಪ್ರತಿಯೊಬ್ಬರೂ ತಮ್ಮ ಬಾಳಿನ ಅತ್ಯಂತ ದೊಡ್ಡ ನೋವನ್ನು ಹೇಳಬೇಕು, ಹೇಳಿದರೆ ಮನಸ್ಸು ಹಗುರವಾಗುತ್ತದೆ ಎಂದರು. ಒಬ್ಬಳು ಹುಡುಗಿ ಹೇಳುತ್ತಾ ಬಿಕ್ಕಿಬಿಕ್ಕಿ ಅತ್ತಳು. ಸುತ್ತಲಿದ್ದವರು ಅವಳ ಬೆನ್ನು ಸವರಿದರು. ಸರದಿ ಒಬ್ಬೊಬ್ಬರನ್ನೇ ದಾಟಿ ನನ್ನ ಕಡೆ ಬರುತ್ತಿತ್ತು. 

"ನಾ ಬಸ್ ಡ್ರೈವರ್ ಇದ್ದೆ," ಎಂದೆ. "ಮುಂದ ಒಂದು ಲಾರಿ..."

ಅಲ್ಲಿಗೆ ನಿಂತಿತು. ಬೆರಳು ಮರಗಟ್ಟಿದವು. ಎದ್ದು ಹೊರಗೆ ಬಂದೆ. ಗಿಡದ ಕೆಳಗೆ ಕಾಲು ಚಾಚಿ ಕೂತಿದ್ದ ಕಂಡಕ್ಟರ್ ನನ್ನ ಮುಖ ನೋಡಿ ನೀರಿನ ಬಾಟಲಿ ಮುಂದೆ ಮಾಡಿದ. ಹೇಳಿಕೊಡುತ್ತಿದ್ದವರೂ ಹಿಂದೆಯೇ ಬಂದರು. ಕಣ್ಣಲ್ಲಿ ನಿಜವಾದ ಕಳಕಳಿ ಇತ್ತು.

"ಅತ್ತುಬಿಡಿ ಸರ್. ತಡೆಯಬೇಡಿ. ಎಲ್ಲ ಹೊರಗೆ ಬರಲಿ."

"ಅಂವ ಮೊದಲ ನೀರು ಕುಡೀಲಿ ತಡೀರಿ," ಎಂದ ಕಂಡಕ್ಟರ್.

ನಾನು ಸುಧಾರಿಸಿಕೊಂಡ ಮೇಲೆ ಅವರು, ನನ್ನಂಥವರೇ ಈ ತರಬೇತಿಗೆ ಬೇಕಾದವರು, ನನ್ನ ಕಥೆ ಬಹಳ ಜನರಿಗೆ ಸ್ಫೂರ್ತಿಯಾಗುತ್ತದೆ, ಒಂದು ವಿಡಿಯೋ ಮಾಡೋಣ ಎಂದರು. ಬಂದವರಿಗೆ ಹೇಳುವ ಹಾಗೆ ನನಗೂ ಹೇಳಿದರು, ಅಷ್ಟೇ. ನಾನು ವಿಚಾರ ಮಾಡಿ ತಿಳಿಸುತ್ತೇನೆಂದು ನಮಸ್ಕಾರ ಹೇಳಿ ಹೊರಟೆ.

ಬನಶಂಕರಿಗೆ ಹೋದೆವು. ಬುಟ್ಟಿಯ ಹೆಂಗಸರಲ್ಲಿ ಒಬ್ಬಳು ನಮ್ಮನ್ನು ಗುರುತು ಹಿಡಿದು, "ಯಾಕ್ರೆಪಾ, ಎಲ್ಲಿ ಹಾಳಾಗಿ ಹೋಗಿದ್ರಿ ಇಬ್ರೂ?" ಎಂದು ರೊಟ್ಟಿಯ ಮೇಲೆ ಇನ್ನೊಂದು ರೊಟ್ಟಿ ಹಾಕಿದಳು. ಗುಡಿಯ ಮುಂದಿನ ಹೊಂಡದ ಮೆಟ್ಟಿಲ ಮೇಲೆ ಕೂತು ಉಂಡೆವು. ಕೋತಿಗಳು ಕಂಬದ ಸಾಲಿನ ಮೇಲೆ ಓಡಾಡುತ್ತಿದ್ದವು. ಮೊಸರಿನಲ್ಲಿ ರೊಟ್ಟಿ ಮುರಿದು ಹಾಕುತ್ತಾ ಕಂಡಕ್ಟರ್ ಸುಮ್ಮನೆ ಕೇಳಿದ.

"ಅಲ್ಲಿ ಏನ್ ಹೇಳಂದ್ರಲೇ?"

"ಅವತ್ತಿಂದು ಹೇಳಂದ್ರು."

"ನನಗ ಒಮ್ಮೆನೂ ಹೇಳಿಲ್ಲಲ್ಲ ನೀ."

"ನೀನೂ ಕೇಳಿಲ್ಲ."

ಅವನು ಕುಂಟುಗಾಲನ್ನು ಮುಂದೆ ಚಾಚಿದ. "ನಿನಗ ನೆನಪೈತೇನ, ಗಾಡಿ ಬಿದ್ದ ಮ್ಯಾಲ ನೀ ಏನ್ ಮಾಡ್ದಿ ಅಂತ?"

ನನಗೆ ನೆನಪಿರಲಿಲ್ಲ. ಬಸ್ಸು ಹೊಲದಲ್ಲಿ ಮಲಗಿದ ನಂತರ ನನ್ನ ನೆನಪು ಸೀದಾ ದವಾಖಾನೆಯ ಬೆಂಚಿಗೆ ಹೋಗುತ್ತಿತ್ತು.

"ನಾ ಸೀಟಿನ ಬುಡಕ ಬಿದ್ದಿದ್ದೆ, ಎಚ್ಚರ ಇತ್ತು," ಎಂದ. "ನೀ ಒಬ್ಬೊಬ್ಬರನ್ನ ಕರಿಯಾಕ ಹತ್ತಿದ್ದಿ. ಯಜಮಾನ್ರ ಅದೀರೇನ್ರಿ, ಅಕ್ಕಾರ ಮಾತಾಡ್ರಿ, ತಂಗಿ ನಿನ್ನ ಕೈ ಕೊಡು. ಕಿಡಕ್ಯಾಗಿಂದ ಎಲ್ಲಾರನ್ನೂ ಎತ್ತಿ ಹೊರಗ ಹಾಕಿದಿ. ಕಡೀಕ ನನ್ನ ಹತ್ರ ಬಂದು ತೊಡಿ ಮ್ಯಾಲ ನನ್ನ ತಲಿ ಇಟ್ಕೊಂಡು ಕುಂತಿ. ಟಿಕೇಟು ಎಷ್ಟು ಹರದಿದ್ಯಲೇ, ಟಿಕೇಟು ಎಷ್ಟು ಹರದಿದ್ಯಲೇ ಅಂತ ಕೇಳಿದ್ದ ಕೇಳಿದ್ದು, ಯಾರರ ಒಳಗ ಉಳದಾರೇನಂತ. ನನಗ ಆ ನೋವಿನ್ಯಾಗೂ ನಗಿ ಬಂತು, ಇಂವ ಚೆಕಿಂಗ್ ಸಾಹೇಬ ಆದ್ನಲ್ಲ ಅಂತ."

ನಾವಿಬ್ಬರೂ ನಕ್ಕೆವು. ನಗುತ್ತಾ ನಗುತ್ತಾ ನನಗೆ ಕಣ್ಣೀರು ಬಂತು. ಅವನು ಬೆನ್ನು ಸವರಲಿಲ್ಲ, ಹೊರಗೆ ಬರಲಿ ಎನ್ನಲಿಲ್ಲ. ಶೇಂಗಾಹಿಂಡಿಯನ್ನು ನನ್ನ ರೊಟ್ಟಿಯ ಮೇಲೆ ಇನ್ನಷ್ಟು ಹಾಕಿ ತನ್ನ ಪಾಡಿಗೆ ಉಣ್ಣುತ್ತಿದ್ದ. ವೃತ್ತದಲ್ಲಿ ಬಾಯಿಗೆ ಬಾರದ ಮಾತು, ಆ ಮೆಟ್ಟಿಲ ಮೇಲೆ, ಬಿಸಿಲು ಇಳಿಯುವ ತನಕ ತಾನಾಗಿಯೇ ಬಂತು. ಬಾದಾಮಿಯ ತರಬೇತಿ ನನಗಲ್ಲವೆಂದು ಅಲ್ಲೇ ತೀರ್ಮಾನವಾಯಿತು. ಅವರ ಬಗ್ಗೆ ನನಗೆ ಸಿಟ್ಟಿಲ್ಲ.

ಆಮೇಲೆ ಫೋನಿನಲ್ಲೇ ಕಲಿಯುವ ಒಂದನ್ನು ನೋಡಿದೆ. ಎಲ್ಲಿಗೂ ಹೋಗಬೇಕಾಗಿರಲಿಲ್ಲ. ವಿಡಿಯೋ ನೋಡಿ ಪ್ರಶ್ನೆಗಳಿಗೆ ಉತ್ತರ ಕೊಟ್ಟರೆ ಪ್ರಮಾಣಪತ್ರ. ಅಡುಗೆಮನೆಯ ಬಾಗಿಲಲ್ಲಿ ಫೋನು ಇಟ್ಟುಕೊಂಡು ಮಾದರಿ ಪಾಠ ಹಚ್ಚಿದೆ. ಒಬ್ಬ ಹೆಣ್ಣುಮಗಳು ಮೆಲುದನಿಯಲ್ಲಿ ಉಸಿರು ತೆಗೆದುಕೊಳ್ಳಿ, ಉಸಿರು ಬಿಡಿ ಎನ್ನುತ್ತಿದ್ದಳು. ನನ್ನ ಹೆಂಡತಿ ಜೋಳ ಹಸನು ಮಾಡುತ್ತಾ ಕೇಳಿಸಿಕೊಂಡಳು.

"ಉಸಿರು ಬಿಡು ಅಂದ್ಲಲ್ಲ, ನೀವು ಬಿಟ್ರೋ ಇಲ್ಲೋ ಇಕಿಗೆ ಹೆಂಗ ಗೊತ್ತಾಗ್ತೈತಿ?"

"ಗೊತ್ತಾಗೂದಿಲ್ಲ."

"ಮತ್ತ ಆ ಆಂಬುಲೆನ್ಸ್ ತಮ್ಮನ ಉಸಿರು ಸಿಕ್ಕೊಂಡದ್ದು ನೋಡೂದು ನಿಮಗ ಯಾರು ಕಲಸ್ತಾರು?"

ಫೋನು ಆರಿಸಿದೆ.

ಮೂರನೆಯದರ ಸುದ್ದಿ ಕೊಟ್ಟವರು ನನ್ನ ಡಾಕ್ಟರೇ. ಬಾಗಲಕೋಟೆಯ ನವನಗರದಲ್ಲಿ ಎಲ್ಲರೂ ಗೌರವದಿಂದ ‘ಬಾಯಿಯವರು’ ಎನ್ನುವ ಒಬ್ಬ ಹೆಣ್ಣುಮಗಳು ಇದ್ದರು. ಬಹಳ ವರ್ಷ ಆಸ್ಪತ್ರೆಯಲ್ಲಿ ಆಪ್ತಸಮಾಲೋಚಕಿಯಾಗಿದ್ದು, ಆಮೇಲೆ ಯೋಗ ಕಲಿತು, ಈಗ ಒಂದು ಬಾಡಿಗೆ ಹಾಲಿನಲ್ಲಿ ಕೆಲವೇ ಜನರಿಗೆ ಇಂಥ ತರಬೇತಿ ಕೊಡುತ್ತಿದ್ದರು. ಜಾಹೀರಾತು ಇರಲಿಲ್ಲ, ಕಂಡಕ್ಟರನ ಫೋನಿನಲ್ಲೂ ಸಿಕ್ಕಿರಲಿಲ್ಲ. ಅದೇ ಮೋಟರ್‌ಸೈಕಲ್ ಕೇಳಿ ತಂದು ಒಬ್ಬನೇ ಹೋದೆ.

ಬಾಯಿಯವರು ಹುಟ್ಟಿದ್ದು ಹಳೆ ಬಾಗಲಕೋಟೆಯಲ್ಲಿ. ಆಣೆಕಟ್ಟಿನ ಹಿನ್ನೀರು ಬಂದಾಗ ಅವರ ಓಣಿ ಮುಳುಗಿ ನವನಗರದ ಸೆಕ್ಟರೊಂದರಲ್ಲಿ ಮನೆ ಆಗಿತ್ತು. ಹಾಲಿನಲ್ಲಿ ಫ್ಯಾನು, ಚಾಪೆ, ನೀರಿನ ಹರವಿ, ಇಷ್ಟೇ. ಬಾಗಿಲಿಗೆ ಒಂದು ಕಲ್ಲು ಒತ್ತಿಟ್ಟು ಪೂರ್ತಿ ತೆರೆದಿಟ್ಟಿದ್ದರು.

"ಎಲ್ಲಿ ಕುಂಡ್ರತೀರಿ ನೋಡ್ರಿ, ನಿಮ್ಮ ಮರ್ಜಿ," ಎಂದರು. ನಾನು ಬಾಗಿಲು ಕಾಣುವಲ್ಲಿ ಕೂತೆ. ಅವರು ನನ್ನ ಎದುರಿಗೆ ಬಾರದೆ ಸ್ವಲ್ಪ ಓರೆಯಾಗಿ ಕೂತರು.

ಏನಾಯಿತೆಂದು ಅವರು ಕೇಳಲಿಲ್ಲ. ನಿದ್ದೆ ಹೇಗಿದೆ, ಡಾಕ್ಟರರನ್ನು ಈಗಲೂ ಕಾಣುತ್ತೀರಾ, ಮನೆಯಲ್ಲಿ ಯಾರ ಹತ್ತಿರ ಮಾತಾಡುತ್ತೀರಿ ಎಂದು ಕೇಳಿದರು. ಕೊನೆಗೆ, "ಹೆಂಗ ಬಂದ್ರಿ? ಬಸ್ಸಿಗೇನು?" ಎಂದರು.

"ಇಲ್ರಿ. ಬಸ್ಸು ಹತ್ತಾಕ ಆಗೂದಿಲ್ರಿ."

ಅವರು ತಲೆ ಆಡಿಸಿದರು. "ನಿಮ್ಮಂಥಾವ್ರು ಬಂದ್ರ ನನಗ ಭಾಳ ಸಂತೋಷ. ಆದ್ರ ಈ ಸಲ ಬ್ಯಾಡ್ರಿ."

ನನಗೆ ಕಿವಿ ಬಿಸಿಯಾಯಿತು. "ಯಾಕ್ರಿ? ನಾ ಇಂಗ್ಲಿಷ್ ಕಲ್ತಿಲ್ಲಂತನ?"

"ಅದಲ್ರಿ. ಇಲ್ಲೆ ಕಲಿಯೂ ಮುಂದ ಬ್ಯಾರೇದವ್ರ ಪೆಟ್ಟು ನಿಮ್ಮ ಕಣ್ಣ ಮುಂದ ಬರ್ತಾವು. ಆಗ ನಿಮ್ಮದು ಎದ್ದು ಕುಂತ್ರ ನಿಮಗೂ ತ್ರಾಸ, ಅವರಿಗೂ ತ್ರಾಸ. ಒಂದು ವರ್ಷ ವಿದ್ಯಾರ್ಥಿ ಆಗಿ ಬರ್ರಿ, ವಾರಕ್ಕೊಮ್ಮೆ. ಗುಳಿಗಿ, ಡಾಕ್ಟರು ಬಿಡಬ್ಯಾಡ್ರಿ. ಬಸ್ಸು ಹತ್ತಬೇಕು ಅನಸಿದ್ರ ಹತ್ರಿ, ಅನಸಲಿಲ್ಲಂದ್ರ ಗಡಿಬಿಡಿ ಇಲ್ಲ. ಮುಂದಿನ ವರ್ಷ ಮತ್ತ ಕೂಡಿ ನೋಡೂಣು."

ಸಿಟ್ಟಿನಿಂದ ಮನೆಗೆ ಬಂದೆ. ಅಷ್ಟು ದೂರ ಹೋದವನನ್ನು ಬಾಗಿಲಿಂದಲೇ ಕಳಿಸಿದರು, ಅನುಭವ ಇದ್ದವನ ಬೆಲೆ ಗೊತ್ತಿಲ್ಲ ಎಂದು ಹೆಂಡತಿಯ ಮುಂದೆ ಕೂಗಾಡಿದೆ. ಅವಳು ತಾಟು ಹಚ್ಚಿ, ಚಪ್ಪರದವರೆಕಾಯಿ ಪಲ್ಯ ಬಡಿಸಿ, ನಾನು ಎರಡು ತುತ್ತು ಉಣ್ಣುವ ತನಕ ಕಾದಳು.

"ಬಾದಾಮ್ಯಾಗ ನಿಮ್ಮನ್ನ ಬಾ ಅಂದ್ರು. ಫೋನಿನ್ಯಾಗಿನಾಕೀನೂ ಬಾ ಅಂದ್ಲು. ಇವರೊಬ್ಬರ ನಿಮ್ಮ ನಿದ್ದಿ ಕೇಳ್ಯಾರು."

 ಅವಳು ನೀರಿನ ಚರಿಗೆ ಮುಂದಿಟ್ಟು ಒಳಗೆ ಹೋದಳು. ಮರುದಿನ ಬಾಯಿಯವರಿಗೆ ಫೋನು ಮಾಡಿ, ವಾರಕ್ಕೊಮ್ಮೆ ಬರುತ್ತೇನೆ ಎಂದೆ.

ಮೊದಮೊದಲು ಮೋಟರ್‌ಸೈಕಲ್ ಮೇಲೆ ಹೋಗುತ್ತಿದ್ದೆ. ಮಳೆಗಾಲ ಬಂದಾಗ ಬಸ್ಸಿನ ವಿಚಾರ ಮನಸ್ಸಿಗೆ ಬಂತು. ಯಾರೂ ಹೇಳಿದ್ದಲ್ಲ. ಒಂದು ಬೆಳಿಗ್ಗೆ ಹೆಂಡತಿಯನ್ನು ಜೊತೆಗೆ ಕರೆದುಕೊಂಡು ಸ್ಟ್ಯಾಂಡಿಗೆ ಹೋಗಿ ಹತ್ತಿದೆ. ಹುನಗುಂದದವರೆಗೆ ಎಂದು ಟಿಕೆಟ್ ತೆಗೆಸಿದೆ. ಆ ಏರು ಬಂದಾಗ ಬಾಯಿಯವರು ಕಲಿಸಿದಂತೆ ಎರಡೂ ಪಾದಗಳನ್ನು ನೆಲಕ್ಕೆ ಒತ್ತಿದೆ, ಎದುರು ಸೀಟಿನ ಕಂಬಿಯ ತಂಪನ್ನು ಅಂಗೈಯಲ್ಲಿ ಹಿಡಿದೆ.  ತೊಗರಿ ಹೊಲ ಬಂತು, ಹೋಯಿತು. ಈ ಸಲ ಅದರಲ್ಲಿ ಸೂರ್ಯಕಾಂತಿ ಹಾಕಿದ್ದರು. ಹುನಗುಂದದಲ್ಲಿ ಇಳಿದು ಕಂಡಕ್ಟರನ ಅಂಗಡಿಗೆ ನಡೆದು ಹೋದೆವು. ಅವನು ನನ್ನ ಕೈಯಲ್ಲಿದ್ದ ಟಿಕೆಟ್ ನೋಡಿ ಎದ್ದು ಚಹಾ ಹೇಳಿ ಬಂದ. ಕುಂಟುತ್ತಾ ತಾನೇ ಹೋದ, ಫೋನಿನಲ್ಲಿ ಹೇಳಬಹುದಾಗಿದ್ದರೂ.

ಹೀಗೆ ನನ್ನ ಹಳೆಯ ರೂಟನ್ನು ನಾನು ಒಂದೊಂದೇ ಸ್ಟಾಪಾಗಿ ಮರಳಿ ಪಡೆದೆ. ಕೆಲವು ವಾರ ಹುನಗುಂದದ ತನಕ, ಆಮೇಲೆ ಅಮೀನಗಡ. ಅಲ್ಲಿ ಇಳಿದು ಕರದಂಟು ಕೊಂಡು ಮರಳುತ್ತಿದ್ದೆ. ಮನೆಯಲ್ಲಿ ಡಬ್ಬಿಗಳು ರಾಶಿ ಬಿದ್ದವು. ಒಮ್ಮೆ ಕಮತಗಿಯಲ್ಲಿ ಉಸಿರು ಕಟ್ಟಿದಂತಾಗಿ ಇಳಿದುಬಿಟ್ಟೆ. ಒಬ್ಬ ಎಳನೀರಿನವನ ಹತ್ತಿರ ಕೂತೆ, ಸುಧಾರಿಸಿಕೊಂಡು ಇಳಕಲ್ ಬಸ್ಸು ಹಿಡಿದೆ. ಬಾಯಿಯವರಿಗೆ ಫೋನಿನಲ್ಲಿ, "ಸೋತು ಬಂದೇನ್ರಿ," ಎಂದೆ. "ಇಳದ್ರೆಲ್ಲ, ಅದು ನಿಮ್ಮ ಕೈಯಾಗಿತ್ತೆಲ್ಲ," ಎಂದರು. ಆ ಮಾತು ನನ್ನೊಳಗೆ ಬಹಳ ದಿನ ಉಳಿಯಿತು. ಚಳಿಗಾಲದ ಹೊತ್ತಿಗೆ ಬಾಗಲಕೋಟೆ ಮುಟ್ಟಿದೆ. ಆ ದಿನದ ಡ್ರೈವರ್, ಹಿಂದೆ ನನ್ನ ಕೈಕೆಳಗೆ ಗಾಡಿ ಕಲಿತವನು. ಕನ್ನಡಿಯಲ್ಲಿ ನನ್ನನ್ನು ಗುರುತು ಹಿಡಿದು ಎದ್ದು ನಿಲ್ಲಲು ಹೋದ. "ಕುಂಡ್ರಲೇ, ಮುಂದ ನೋಡಿ ಹೊಡಿ," ಎಂದೆ. ಬಸ್ಸೆಲ್ಲ ನಕ್ಕಿತು.

ಮರುವರ್ಷ ಬಾಯಿಯವರು ನನ್ನನ್ನು ತರಬೇತಿಗೆ ಸೇರಿಸಿಕೊಂಡರು. ನನ್ನ ಜೊತೆ ಒಬ್ಬಳು ನರ್ಸ್, ಒಬ್ಬರು ಸಾಲಿ ಟೀಚರು, ಒಬ್ಬ ಜೈಲಿನ ಸಿಬ್ಬಂದಿ ಇದ್ದರು. ಕಲಿತದ್ದು ಆಸನಗಳಿಗಿಂತ ಮಾತಿನ ಬಗೆ. ‘ಕಣ್ಣು ಮುಚ್ಚಿ’ ಎನ್ನದೆ ‘ಮುಚ್ಚಬೇಕು ಅನಿಸಿದರೆ ಮುಚ್ಚಿ’ ಎನ್ನುವುದು. ಕೇಳದೆ ಯಾರನ್ನೂ ಮುಟ್ಟದಿರುವುದು. ಬಾಗಿಲು ಹಾಕದಿರುವುದು. ಯಾರ ಮೈ ಬಿಗಿಯುತ್ತಿದೆ, ಯಾರ ಉಸಿರು ಗಂಟಲಲ್ಲೇ ನಿಂತಿದೆ ಎಂದು ನೋಡುವುದು. ನಾವು ಡಾಕ್ಟರಲ್ಲ, ಯಾರನ್ನು ಯಾವಾಗ ಡಾಕ್ಟರರ ಹತ್ತಿರ ಕಳಿಸಬೇಕೆಂದು ತಿಳಿದಿರುವುದು. ಡ್ರೈವರಿಕೆಯಲ್ಲಿ ಕನ್ನಡಿ ನೋಡುತ್ತಾ ಹಿಂದಿನವರನ್ನು ಕಾಯುವ ರೂಢಿ ಇತ್ತಲ್ಲ, ಅದು ಕೆಲಸಕ್ಕೆ ಬಂತು. ನಡುನಡುವೆ ನನ್ನ ಪೆಟ್ಟು ಎದ್ದು ಕೂತ ದಿನಗಳೂ ಇದ್ದವು. ಆಗ ಹೊರಗೆ ಹೋಗಿ ಹರವಿಯ ನೀರು ಕುಡಿದು ಬರುತ್ತಿದ್ದೆ. ಯಾರೂ ಯಾಕೆಂದು ಕೇಳುತ್ತಿರಲಿಲ್ಲ.

ಮರಳಿ ಬಂದು ಮಾಸ್ತರರ ಅಂಗಳದಲ್ಲಿ ನಿಂತಾಗ ಅವರು ಮುಂದಿನ ಸಾಲಿನಲ್ಲೇ ಚಾಪೆ ಹಾಸಿದ್ದರು. ಕಣ್ಣು ಬಹಳ ಮಂದವಾಗಿತ್ತು. "ನನಗೂ ಹೇಳು ಸರ್, ಕೈ ಎತ್ತಲೋ ಬ್ಯಾಡೋ?" ಎಂದು ನನ್ನನ್ನು ಸರ್ ಎಂದು ಕರೆದು ಎಲ್ಲರನ್ನೂ ನಗಿಸಿದರು. ಆ ಆಂಬುಲೆನ್ಸ್ ಡ್ರೈವರನ ಮನೆ ಹುಡುಕಿಕೊಂಡು ನಾನೇ ಹೋದೆ. ಯೋಗದ ಮಾತು ಎತ್ತಲಿಲ್ಲ. ಗಾಡಿಯ ಮಾತು, ರಸ್ತೆಯ ಮಾತು, ಹುನಗುಂದದ ಏರಿನ ಮಾತು ಆಡಿದೆವು. ನನ್ನ ಡಾಕ್ಟರರ ವಿಳಾಸ ಕೊಟ್ಟು ಬಂದೆ. ಕೆಲವು ತಿಂಗಳ ಮೇಲೆ ಅವನು ತಾನಾಗಿಯೇ ಬಂದು ಗೇಟಿನ ಹತ್ತಿರ ಕೂತ. ಈಗಲೂ ಅಲ್ಲೇ ಕೂರುತ್ತಾನೆ, ಕಣ್ಣು ತೆರೆದೇ ಮಲಗುತ್ತಾನೆ. ಕೆಲವು ದಿನ ಬರುವುದಿಲ್ಲ. ಬಂದ ದಿನ ಬಂದ.

ಹೋದ ವರ್ಷ ಮಾಸ್ತರು ತೀರಿಕೊಂಡರು. ಈಗ ಬೆಳಿಗ್ಗೆ ಅಂಗಳಕ್ಕೆ ನೀರು ಚಿಮುಕಿಸುವವನು ನಾನೇ. ಯಾರೂ ಬರುವ ಮೊದಲು ಸ್ವಲ್ಪ ಹೊತ್ತು ಒಬ್ಬನೇ ಕೂರುತ್ತೇನೆ. ಆಗ ಹಳೆಯದೆಲ್ಲ ನೆನಪಾಗುತ್ತದೆ: ಮುಂಜಾನೆಯ ಮಂಜಿನಲ್ಲಿ ಹೆಡ್‌ಲೈಟಿಗೆ ಅಡ್ಡ ಬರುತ್ತಿದ್ದ ಕುರಿಗಳ ಹಿಂಡು, ಸಂಜೆಯ ಕಡೆಯ ಟ್ರಿಪ್ಪಿನಲ್ಲಿ ನಿದ್ದೆಗೆ ಜೋತುಬಿದ್ದ ತಲೆಗಳು, ಅವರನ್ನೆಲ್ಲ ಎಬ್ಬಿಸದ ಹಾಗೆ ಮೆಲ್ಲಗೆ ಬ್ರೇಕ್ ಒತ್ತುತ್ತಿದ್ದದ್ದು. ಬಹಳ ವರ್ಷ ಆ ದಿನಗಳನ್ನು ನೆನೆಯಲು ಅಂಜುತ್ತಿದ್ದೆ. ಈಗ ಅವು ಬಂದರೆ ಬರಲಿ ಎಂದು ಕೂರುತ್ತೇನೆ. ಅಷ್ಟರಲ್ಲಿ ಗೇಟಿನ ಸದ್ದಾಗುತ್ತದೆ, ಯಾರೋ ಒಬ್ಬರು ಚಾಪೆ ಕಂಕುಳಲ್ಲಿ ಅವುಚಿಕೊಂಡು ಒಳಗೆ ಬರುತ್ತಾರೆ, "ನಾ ಭಾಳ ಲಗೂನ ಬಂದ್ನೇನ್ರಿ?" ಎಂದು ಕೇಳುತ್ತಾರೆ.

"ಇಲ್ಲ ಬರ್ರಿ," ಎನ್ನುತ್ತೇನೆ, "ಎಲ್ಲಿ ಬೇಕಲ್ಲೆ ಹಾಸ್ರಿ."